ಕಟ್ಟೆಯಿಂದ ಕುದುರೆ ಏರಿದ ನೀಲಗಂಗವ್ವ

ಗುಡ್ನಾಪುರದ ನೀಲಗಂಗವ್ವನಿಗೆ ಸೊಕ್ಕು ಬಂದಿದೆ ಎಂಬ ಮಾತು ಮೊದಲು ಹುಟ್ಟಿದ್ದು ಹಿಟ್ಟಿನ ಗಿರಣಿಯ ಮುಂದೆ.

ಆವತ್ತು ಆಕೆ ಕುದುರೆ ಮೇಲೆ ಬಂದಳು. ಅದರಲ್ಲಿ ಹೊಸದೇನೂ ಇರಲಿಲ್ಲ. ಊರಿಗೆ ಇದ್ದದ್ದು ಅದೊಂದೇ ಕುದುರೆ, ಅದನ್ನು ಏರುತ್ತಿದ್ದವಳೂ ಆಕೆಯೊಬ್ಬಳೇ. ಆಕೆಯ ಅಪ್ಪ ಹಾನಗಲ್ಲ ಕಡೆಯ ಒಂದು ಮಠದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು. ಮಗಳಿಗೆ ಅಕ್ಷರ ಕಲಿಸುವ ಮೊದಲೇ ಲಗಾಮು ಹಿಡಿಯುವುದನ್ನು ಕಲಿಸಿದ್ದ. ಲಗ್ನವಾಗಿ ಬರುವಾಗ ತವರಿನಿಂದ ಒಂದು ಕುದುರೆಮರಿಯೂ ಜತೆಗೆ ಬಂತು. ಗಂಡನ ಮನೆಯ ಹೊಲ ಕೆರೆಯ ಆಚೆ ದಂಡೆಯಲ್ಲಿ. ಮಳೆ ಹಿಡಿಯಿತೆಂದರೆ ಏರಿಯ ಮೇಲೆ ಸೈಕಲ್ಲೂ ಹೋಗದು, ಗಾಡಿಯೂ ಹೋಗದು. ನೀಲಗಂಗವ್ವ ಮಾತ್ರ ಕಚ್ಚೆ ಬಿಗಿದು, ಬುತ್ತಿಯ ಗಂಟು ಮುಂದಿಟ್ಟುಕೊಂಡು ಹೋಗಿ ಬರುತ್ತಿದ್ದಳು. ಮೊದಮೊದಲು ಸೆರಗು ಬಾಯಿಗಿಟ್ಟು ನಕ್ಕವರು ಆಮೇಲೆ ನಗುವುದನ್ನೂ ಮರೆತರು. ಈಗಿನ ಹೆಣ್ಣು ಕುದುರೆ ಗುಬ್ಬಿ, ಆ ತವರಿನ ಮರಿಯ ಸಂತತಿ. ಹೆಸರಿಗೆ ತಕ್ಕ ಸಣ್ಣ ಮೈ, ಸಾಧು ಸ್ವಭಾವ.

ಹೊಸದೇನೆಂದರೆ, ಆವತ್ತು ನೀಲಗಂಗವ್ವ ಕುದುರೆಯಿಂದ ಇಳಿಯಲಿಲ್ಲ. ಮೇಲೆ ಕೂತಲ್ಲಿಂದಲೇ ಜೋಳದ ಡಬ್ಬಿ ಚಾಚಿ, "ಬೈರಾ, ಸಣ್ಣಗ ಬೀಸಪಾ," ಎಂದಳು. ಗಿರಣಿಯ ಬೈರ ಹೊರಗೆ ಬಂದು ಡಬ್ಬಿ ಇಸಿದುಕೊಂಡ. ಸರದಿಯಲ್ಲಿ ಕೂತಿದ್ದ ಸಾವಿತ್ರವ್ವ ಸುಮ್ಮನಿರುವ ಪೈಕಿ ಅಲ್ಲ. ನೀಲಗಂಗವ್ವನ ಪಕ್ಕದ ಮನೆಯವಳು, ಮಾತಿಗೆ ಲಗಾಮಿಲ್ಲ.

"ನೋಡ್ರೇ, ದೇಸಾಯರ ಮನಿ ಬಾಯಾರು ಬಂದಾರ! ನೆಲಕ್ಕ ಕಾಲಿಟ್ರ ಸವದು ಹೊಕ್ಕಾವಂತ."

ಎಲ್ಲರೂ ನಕ್ಕರು. ನೀಲಗಂಗವ್ವನೂ ನಕ್ಕಳು. ಸೊಕ್ಕು ಅಂದುಕೊಳ್ಳಲಿ, ಪರವಾಗಿಲ್ಲ. ನಿಜ ಗೊತ್ತಾಗುವುದು ಬೇಡ.

ನಿಜವೆಂದರೆ ಆಕೆಗೆ ಇಳಿಯಲು ಆಗುತ್ತಿರಲಿಲ್ಲ. ತೊಡೆಯ ಎಲುಬು ಸೊಂಟದ ಚಪ್ಪೆಗೆ ಸೇರುವ ಕಡೆ, ಎಡಗಡೆ, ಮುರಿದ ಮುಳ್ಳಿನಂಥ ನೋವು. ಮೊದಲು ಹೊಲದಲ್ಲಿ ಬಗ್ಗಿ ಎದ್ದಾಗ ಮಾತ್ರ ಇತ್ತು. ಆಮೇಲೆ ನಡೆದಾಗ. ಆಮೇಲೆ ಮಗ್ಗುಲು ಬದಲಿಸಿದಾಗಲೂ. ಎಣ್ಣೆ ತಿಕ್ಕಿದ್ದಾಯಿತು, ಉಪ್ಪಿನ ಗಂಟು ಕಾಸಿದ್ದಾಯಿತು, ಸಂತೆಯಲ್ಲಿ ಒಬ್ಬ ಕಾಲು ಹಿಡಿದು ಜಗ್ಗಿದ್ದೂ ಆಯಿತು. ಅವನು ಜಗ್ಗಿದ ಮೇಲೆ ಎಂಟು ದಿನ ಹಾಸಿಗೆ. ನಡೆಯುವುದಕ್ಕಿಂತ ಕುದುರೆಯೇ ವಾಸಿ ಎಂದು ಗಿರಣಿಗೂ ಕುದುರೆ, ಕಿರಾಣಿ ಅಂಗಡಿಗೂ ಕುದುರೆ. ಮನೆ ಮುಂದೆ ಗಂಡ ನಾಗಪ್ಪ ಎರಡೂ ಕೈ ಕೊಟ್ಟು ಇಳಿಸುತ್ತಿದ್ದ.

ದೀಪಾವಳಿಯ ಮುಂಚಿನ ಒಂದು ಸಂಜೆ ಅದೂ ಆಗಲಿಲ್ಲ. ಅಂಗಳಕ್ಕೆ ಬಂದು ನಿಂತ ಗುಬ್ಬಿಯ ಮೇಲೆ ನೀಲಗಂಗವ್ವ ಕಲ್ಲಾಗಿ ಕೂತುಬಿಟ್ಟಳು. ಎಡಗಾಲು ಬಿಗಿದುಕೊಂಡಿತ್ತು. ಅಲ್ಲಾಡಿಸಿದರೆ ಜೀವ ಹೋದಂತೆ.

"ಇಳಿಯಾಕ ಬರವಲ್ದು," ಎಂದಳು ಮೆಲ್ಲಗೆ.

"ಹಂಗಾರ ಅಲ್ಲೇ ರೊಟ್ಟಿ ತಂದ ಕೊಡ್ಲೇನ?" ಎಂದ ನಾಗಪ್ಪ. ಹೆಂಡತಿಯ ಮುಖ ನೋಡಿದ ಮೇಲೆ ತಮಾಷೆ ಅವನ ಬಾಯಲ್ಲೇ ಒಣಗಿತು. ಎದುರು ಮನೆಯ ಶಂಕ್ರಪ್ಪನನ್ನು ಕೂಗಿದ. ಇಬ್ಬರೂ ಸೇರಿ ಆಕೆಯನ್ನು ಭತ್ತದ ಚೀಲ ಇಳಿಸುವ ಹಾಗೆ ಇಳಿಸಿದರು. ಅಷ್ಟು ಹೊತ್ತೂ ಗುಬ್ಬಿ ಒಂದು ಗೊರಸೂ ಕದಲಿಸಲಿಲ್ಲ.

ಮರುದಿನವೇ ಹುಬ್ಬಳ್ಳಿಗೆ ಹೋದರು. ಅಲ್ಲಿಯ ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ನೋಡ್ರಿ, ತೊಡಿ ಎಲುಬಿನ ತುದಿ ಗುಂಡಗ ಇರಬೇಕು, ಇದು ಸವದು ಸೊಟ್ಟ ಆಗೇತಿ. ಎಣ್ಣಿ ತಿಕ್ಕಿದ್ರ ಸವದದ್ದು ಬೆಳೆಯೂದಿಲ್ಲ. ಕೀಲು ಬದಲಿಸಬೇಕು. ಆಪರೇಷನ್ ಆದ ಮ್ಯಾಲೆ ನೀವು ನಡೀತೀರಿ, ನಿದ್ದಿ ಮಾಡ್ತೀರಿ." ಆಮೇಲೆ ಕೇಳಿದರು, "ಏನು ಕೆಲಸ ಮಾಡ್ತೀರಿ ನೀವು?"

"ಮನಿ ಕೆಲಸರಿ. ಹೊಲ," ಎಂದಳು ನೀಲಗಂಗವ್ವ.

ನಾಗಪ್ಪ ಬಾಯಿ ತೆರೆದ. ಆಕೆ ಮೇಜಿನ ಕೆಳಗೆ ಅವನ ತೊಡೆ ಚಿವುಟಿದಳು. ನಾಗಪ್ಪ ಬಾಯಿ ಮುಚ್ಚಿದ. ಡಾಕ್ಟರಿಗೆ ಕುದುರೆಯ ಸುದ್ದಿ ಗೊತ್ತಾಗಲೇ ಇಲ್ಲ.

ಆಪರೇಷನ್ನಿನ ಸುದ್ದಿ ಕೇಳಿ ಸಾವಿತ್ರವ್ವ ಓಡಿ ಬಂದಳು. "ಕಬ್ಬಿಣ ಹಾಕ್ತಾರಂತಲ್ಲ ನೀಲವ್ವ! ನಮ್ಮ ಮಳಿಗಾಲ ಗೊತ್ತಲ್ಲ, ಕುಡುಗೋಲಿಗೆ ತುಕ್ಕು ಹಿಡಿದಂಗ ಹಿಡೀತೈತಿ. ಆಮೇಲೆ ನೀ ಗೋಡಿಗೆ ಒರಗಿಸಿದ ಏಣಿ ಆಗ್ತಿ ನೋಡು. ಕುಂದ್ರಂಗಿಲ್ಲ, ಏಳಂಗಿಲ್ಲ."

ಹೆದರಿಕೆ ಆಕೆಗೂ ಇತ್ತು. ಆದರೆ ಕುದುರೆ ಮೇಲೆ ಕಲ್ಲಾಗಿ ಕೂತ ಆ ಸಂಜೆಯ ಹೆದರಿಕೆ ಅದಕ್ಕಿಂತ ದೊಡ್ಡದು. ದೀಪಾವಳಿ ಮುಗಿಸಿ ಹೋಗಿ ಆಪರೇಷನ್ ಮಾಡಿಸಿಕೊಂಡಳು.

ಎರಡನೆಯ ದಿನವೇ ಎಬ್ಬಿಸಿ ನಿಲ್ಲಿಸಿದರು. ಗಾಯದ ನೋವಿತ್ತು. ಆದರೆ ಆ ಹಳೆಯ ಮುಳ್ಳು ಇರಲಿಲ್ಲ. ನೀಲಗಂಗವ್ವ ವಾಕರ್ ಹಿಡಿದು ನಿಂತಲ್ಲೇ ಅತ್ತಳು.

ಊರಿಗೆ ಬಂದ ಮೇಲೆ ವ್ಯಾಯಾಮಕ್ಕೆ ಶಿರಸಿಗೆ ಹೋಗಬೇಕಾಯಿತು. ಅಲ್ಲಿ ಫಿಜಿಯೋಥೆರಪಿ ಮಾಡುತ್ತಿದ್ದವಳು ಪರಿಮಳಾ, ಇಸಳೂರಿನಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಮಾತು ಮೆದು, ಪಟ್ಟು ಬಿಗಿ.

"ನೋಡಿ ನೀಲಗಂಗವ್ವ, ಹೊಸ ಕೀಲು ಗಟ್ಟಿನೇ. ತುಕ್ಕು ಹಿಡಿಯೋ ಜಾತಿ ಅಲ್ಲ ಅದು. ಆದರೆ ಸುತ್ತಲಿನ ಮಾಂಸ ಇನ್ನೂ ಹಸಿ ಉಂಟು. ಮೊಣಕಾಲು ಚಪ್ಪೆಗಿಂತ ಮೇಲೆ ಬಂದ್ರೆ ಕೀಲು ಜಾರುವ ಹೆದರಿಕೆ. ಕಾಲ ಮೇಲೆ ಕಾಲು ಹಾಕುವುದು ಬೇಡ. ಪಾದ ಊರಿ ಗಕ್ಕನೆ ತಿರುಗುವುದೂ ಬೇಡ. ಅಂದರೆ ಮಣೆ ಮೇಲೆ ಕೂರುವ ಹಾಗಿಲ್ಲ, ಕುಕ್ಕರಗಾಲು ಇಲ್ಲ, ಚಕ್ಕಳಮಕ್ಕಳ ಇಲ್ಲ. ಪಾಯಖಾನೆಗೆ ತೂತಿನ ಕುರ್ಚಿ ತರಿಸಿಟ್ಟಿದ್ದೀರೋ ಇಲ್ಲವೋ?"

"ತಂದೀನ್ರಿ ಬಾಯಾರ," ಎಂದ ನಾಗಪ್ಪ ಹೆಮ್ಮೆಯಿಂದ, ಎತ್ತು ತಂದವನ ಹಾಗೆ.

ಆವತ್ತಿನಿಂದ ನಾಗಪ್ಪ ಮನೆಯಲ್ಲಿ ಕಾವಲುಗಾರನಾದ. ಹೆಂಡತಿ ಬಿದ್ದ ಚಮಚಕ್ಕೆ ಬಗ್ಗಿದರೆ, "ಮೊಣಕಾಲು!" ಎಂದು ಕೂಗುವನು. ಒಲೆಯ ಮುಂದೆ ಕೂರಲು ಹೋದರೆ, "ಮೊಣಕಾಲು!" ಕೇಳಿ ಕೇಳಿ ಓಣಿಯ ಮಕ್ಕಳೂ ಆಕೆಯನ್ನು ಕಂಡರೆ "ಮೊಣಕಾಲು!" ಎಂದು ಓಡತೊಡಗಿದರು.

ಪೂಜೆಯದೊಂದು ತೊಡಕು ಬಂತು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಮಣೆಯ ಮೇಲೆ ಪದ್ಮಾಸನ ಹಾಕಿ ಕೂರುವುದು ಆಕೆಯ ಹುಟ್ಟಾ ರೂಢಿ. ಕುರ್ಚಿಯ ಮೇಲೆ ಕೂತದ್ದನ್ನು ನೋಡಿ ಸಾವಿತ್ರವ್ವ ಮೂಗಿನ ಮೇಲೆ ಬೆರಳಿಟ್ಟಳು. "ಕುರ್ಚಿ ಮ್ಯಾಲೆ ಕುಂತು ಪೂಜಿ ಮಾಡಾಕ ನೀ ಏನ್ ತಹಶೀಲ್ದಾರ ಏನ? ಆ ದೇವರು ಒಪ್ಪತಾನೇನ?" ಆ ಮಾತು ನೀಲಗಂಗವ್ವನನ್ನು ಎರಡು ದಿನ ಕೊರೆಯಿತು. ಮೂರನೆಯ ದಿನ ಮನೆಗೆ ಬಂದ ಅಯ್ಯನವರನ್ನು ಕೇಳಿಯೇಬಿಟ್ಟಳು. ಅವರು ನಕ್ಕರು. "ಲಿಂಗ ನಿನ್ನ ಅಂಗೈಯಾಗ ಐತ್ಯೋ, ಮಣಿ ಮ್ಯಾಲೆ ಐತ್ಯೋ ತಂಗಿ?" ಅಷ್ಟೇ ಸಾಕಾಯಿತು.

ಹೀಗೆ ಎಲ್ಲದಕ್ಕೂ ದಾರಿ ಸಿಕ್ಕಿತು. ವಾಕರ್ ಹೋಗಿ ಕೋಲು ಬಂತು. ಬಾಯಿಬಿಟ್ಟು ಕೇಳದೆ ಉಳಿದದ್ದು ಒಂದೇ.

ಗುಬ್ಬಿ ಕಟ್ಟಿದಲ್ಲೇ ನಿಂತಿತ್ತು. ನಾಗಪ್ಪನಿಗೆ ಸವಾರಿ ಬಾರದು. ಓಡಾಟವಿಲ್ಲದೆ ಕುದುರೆ ಹುಲ್ಲು ಬಿಟ್ಟು ಹಗ್ಗ ಕಡಿಯುತ್ತಿತ್ತು. ಶಂಕ್ರಪ್ಪ ಒಂದು ದಿನ ಶಿರಸಿಯಿಂದ ಬ್ಯಾಂಡ್‌ಸೆಟ್ಟಿನವನೊಬ್ಬನನ್ನು ಕರೆತಂದ. ಮದುವೆ ಮೆರವಣಿಗೆಗೆ ಅವನಿಗೊಂದು ಸಾಧು ಕುದುರೆ ಬೇಕಿತ್ತು. ಗುಬ್ಬಿಯ ಹಲ್ಲು ನೋಡಿದ, ಬೆನ್ನು ಸವರಿದ, ಒಪ್ಪಿದ. ಯುಗಾದಿ ಆದ ಮೇಲೆ ಒಯ್ಯುವೆನೆಂದ.

"ನಾ ಇನ್ನ ಏರೂದಿಲ್ಲ ಅಂತ ನಿಮಗ ಯಾರು ಹೇಳ್ಯಾರ?" ಎಂದಳು ನೀಲಗಂಗವ್ವ, ಅವರು ಹೋದ ಮೇಲೆ.

"ಏರ್ತಿ ಅಂತ ಯಾರು ಹೇಳ್ಯಾರ?" ಎಂದ ನಾಗಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಆಕೆಯನ್ನು ಹೆಚ್ಚು ನೋಯಿಸಿತು.

ಶಿವರಾತ್ರಿಯ ಹಿಂದಿನ ದಿನ ನಾಗಪ್ಪ ಹೊಲಕ್ಕೆ ಹೋದ ಹೊತ್ತು ನೋಡಿ ಆಕೆ ಗುಬ್ಬಿಗೆ ಜೀನು ಬಿಗಿದಳು. ಅಂಗಳಕ್ಕೆ ತಂದು ನಿಲ್ಲಿಸಿದಳು. ನೋವಿಲ್ಲ, ಕಾಲು ಹಗುರ, ಇನ್ನೇನು? ಕೋಲನ್ನು ಗೋಡೆಗೆ ಒರಗಿಸಿ ಜೀನಿನ ತುದಿ ಹಿಡಿದಳು. ಎಡಗಾಲೆತ್ತಿ ರಿಕಾಪಿಗೆ, ಅಂದರೆ ಜೀನಿನಿಂದ ಇಳಿಬಿದ್ದ ಕಬ್ಬಿಣದ ಬಳೆಗೆ, ಪಾದ ತೂರಿಸಿದಳು.

"ಮೊಣಕಾಲು!"

ಬುತ್ತಿ ಮರೆತು ಅರ್ಧ ದಾರಿಯಿಂದ ತಿರುಗಿ ಬಂದ ನಾಗಪ್ಪ ಬಾಗಿಲಲ್ಲಿ ನಿಂತಿದ್ದ. ನೀಲಗಂಗವ್ವ ಕೆಳಗೆ ನೋಡಿದಳು. ಎಡ ಮೊಣಕಾಲು ಚಪ್ಪೆ ದಾಟಿ ಎದೆಯ ಹತ್ತಿರ ಬಂದಿತ್ತು. ಬೇಡ ಬೇಡವೆಂದು ಪರಿಮಳಾ ಹೇಳಿದ್ದ ಭಂಗಿ ಅದೇ. ಇನ್ನೊಂದು ಜಿಗಿತ ಜಿಗಿದಿದ್ದರೆ ಮೈ ಪೂರಾ ಆ ಮಡಿಸಿದ ಕೀಲಿನ ಮೇಲೆಯೇ ತಿರುಗುತ್ತಿತ್ತು. ಮೆಲ್ಲಗೆ ಪಾದ ಬಿಡಿಸಿಕೊಂಡಳು. ಬಂದು ಜಗುಲಿಯ ಕುರ್ಚಿಯ ಮೇಲೆ ಕೂತಳು. ಮುಖಕ್ಕೆ ಸೆರಗು ಹಿಡಿದಳು.

ನಾಗಪ್ಪ ಬೈಯಲಿಲ್ಲ. ಕುದುರೆಯನ್ನು ಗೂಟಕ್ಕೆ ಕಟ್ಟಿ ಬಂದು ಪಕ್ಕದಲ್ಲಿ ನಿಂತ. "ಪಾಯಖಾನಿ ಕೇಳಿದಿ, ಪೂಜಿ ಕೇಳಿದಿ. ಇದೊಂದು ಯಾಕ ಕೇಳಲಿಲ್ಲ ಆ ಬಾಯಾರ್ನ?"

"ಕೇಳಿದ್ರ ಬ್ಯಾಡ ಅಂತಾರ."

"ಅಂದ್ರ?"

"ಅಂದ್ರ ಮುಗೀತಲ್ಲ. ಕೇಳದ ಇದ್ರ ಯಾರೂ ಬ್ಯಾಡ ಅಂದಂಗಾಗೂದಿಲ್ಲ."

"ಹೌದಂತಾರೋ ಅಲ್ಲಂತಾರೋ ನನಗ ಗೊತ್ತಿಲ್ಲ. ಆದ್ರ ನೀ ಕೇಳದ ಬಿದ್ರ, ಎತ್ತಾಂವ ನಾನು," ಎಂದ ನಾಗಪ್ಪ.

ಮುಂದಿನ ವಾರ ಶಿರಸಿಯಲ್ಲಿ ವ್ಯಾಯಾಮ ಮುಗಿದ ಮೇಲೆ ನೀಲಗಂಗವ್ವ ಎದ್ದು ಹೊರಡಲಿಲ್ಲ. ಸೆರಗಿನ ತುದಿಯನ್ನು ಸುತ್ತಿದಳು, ಬಿಚ್ಚಿದಳು.

"ಎಂತ ಆಯ್ತು ನೀಲಗಂಗವ್ವ?"

"ಬಾಯಾರ... ಕುದುರಿ ಹತ್ತಬಹುದೇನ್ರಿ?"

ಪರಿಮಳಾ ಕೈಲಿದ್ದ ಟವೆಲ್ ಕೆಳಗಿಟ್ಟಳು. "ಕುದುರೆಯಾ?"

ನಾಗಪ್ಪ ಎಲ್ಲವನ್ನೂ ಹೇಳಿದ. ತವರಿನ ಮರಿ, ಕೆರೆ ಏರಿ, ಮೇಜಿನ ಕೆಳಗೆ ಚಿವುಟಿದ್ದು, ಶಿವರಾತ್ರಿಯ ಹಿಂದಿನ ದಿನದ ಸಾಹಸ, ಯಾವುದನ್ನೂ ಬಿಡಲಿಲ್ಲ. ಪರಿಮಳಾಗೆ ನಗು ಬಂತು, ಆಮೇಲೆ ಗಾಬರಿಯೂ ಬಂತು. "ನಾನು ಬಸ್ಸು ಹತ್ತುವುದು ಹೇಳಿಕೊಟ್ಟೆ, ಮಂಚ ಇಳಿಯುವುದು ಹೇಳಿಕೊಟ್ಟೆ. ಕುದುರೆ ಉಂಟೋ ಅಂತ ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ ಮಾರಾಯ್ರೆ! ಇದು ನನ್ನೊಬ್ಬಳ ಬಾಯಲ್ಲಿ ಹೌದು ಅನ್ನುವ ಮಾತಲ್ಲ. ಆಪರೇಷನ್ ಮಾಡಿದವರನ್ನೇ ಕೇಳುವ." ಅಲ್ಲೇ ಹುಬ್ಬಳ್ಳಿಗೆ ಫೋನ್ ಹಚ್ಚಿ ಡಾಕ್ಟರು ಸಿಕ್ಕ ಮೇಲೆ ಅದನ್ನು ನೀಲಗಂಗವ್ವನ ಕೈಗೇ ಕೊಟ್ಟಳು.

ಡಾಕ್ಟರು ಬೈಯುವರೆಂದುಕೊಂಡಿದ್ದಳು. ಅವರು ಪ್ರಶ್ನೆ ಕೇಳಿದರು. ಎಷ್ಟು ವರ್ಷದ ರೂಢಿ? ಕುದುರೆ ಬೆದರುವ ಪೈಕಿಯೋ? ಬೆನ್ನು ಎಷ್ಟು ಅಗಲ? ಓಡಿಸುವಿರೋ, ನಡೆಸುವಿರೋ? ಆಮೇಲೆ ಹೇಳಿದರು: "ಹೊಸದಾಗಿ ಕಲೀತೀನಿ ಅಂದಿದ್ರ ಬ್ಯಾಡ ಅಂತಿದ್ದೆ. ನಿಮ್ಮದು ಬ್ಯಾರೆ. ಆದ್ರ ಈಗಲ್ಲ. ಆಪರೇಷನ್ ಆಗಿ ಆರು ತಿಂಗಳಿಗೆ ಬರ್ರಿ, ಎಕ್ಸ್‌ರೇ ನೋಡೂಣು, ಕಾಲಿನ ಶಕ್ತಿ ನೋಡೂಣು. ಎಲ್ಲಾ ಸರಿ ಇದ್ರ ನಡಿಗಿ ಸವಾರಿ ಅಷ್ಟೇ. ನೆಲದಿಂದ ಏರಂಗಿಲ್ಲ. ಒಬ್ಬರೇ ಹೋಗಂಗಿಲ್ಲ. ಬೀಳೂದೇ ದೊಡ್ಡ ಅಪಾಯ, ತಿಳೀತಲ್ಲ?"

ನೀಲಗಂಗವ್ವ ಫೋನು ಇಟ್ಟಳು. ಅವರು ಹೌದೆಂದಿರಲಿಲ್ಲ. ಆದರೆ ಬ್ಯಾಡವೆಂದೂ ಅಂದಿರಲಿಲ್ಲ. ನಾಗಪ್ಪ ಅವತ್ತೇ ಬ್ಯಾಂಡ್‌ಸೆಟ್ಟಿನವನ ಬಳಿ ಹೋಗಿ, "ಮಳಿ ಹಿಡಿಯೂತನಕ ತಡಿಯಪಾ, ಅಲ್ಲೀತನಕ ಆಗಲಿಲ್ಲಂದ್ರ ನಿಂದೇ ಕುದುರಿ," ಎಂದು ಹೇಳಿ ಬಂದ.

ಅಲ್ಲಿಂದ ಆಕೆ ವ್ಯಾಯಾಮವನ್ನು ಒಂದು ದಿನವೂ ಬಿಡಲಿಲ್ಲ. ಮೊದಲು ನಾಗಪ್ಪ ನೆನಪಿಸಬೇಕಿತ್ತು, ಈಗ ಆಕೆಯೇ ಅವನನ್ನು ಎಬ್ಬಿಸುತ್ತಿದ್ದಳು. ಆರು ತಿಂಗಳ ತಪಾಸಣೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿದರು, ಒಂಟಿಕಾಲಿನಲ್ಲಿ ನಿಲ್ಲಿಸಿದರು, ಕಾಲು ಅಗಲಿಸಿ ನೋಡಿದರು, ಕೊನೆಗೆ ಒಪ್ಪಿದರು.

ಒಪ್ಪಿಗೆ ಸಿಕ್ಕ ಮೇಲೆ ಹಟ ಶುರುವಾಯಿತು. ಒಂದು ಭಾನುವಾರ ಪರಿಮಳಾ ಬಸ್ಸು ಹಿಡಿದು ಗುಡ್ನಾಪುರಕ್ಕೇ ಬಂದಳು. ಓಣಿಯ ಕೊನೆಯಲ್ಲಿ ಬೇವಿನ ಮರದ ಕಟ್ಟೆ, ಸರಿಯಾಗಿ ಗುಬ್ಬಿಯ ಹೊಟ್ಟೆಯೆತ್ತರ. ಪಕ್ಕದಲ್ಲಿ ಮೆಟ್ಟಿಲೂ ಇತ್ತು. "ಇದೇ ಸರಿ! ಕಟ್ಟೆ ಮೇಲೆ ನಿಂತ್ರೆ ರಿಕಾಪು ಪಾದದ ಸಮಕ್ಕೆ ಬರ್ತದೆ. ಮೊಣಕಾಲು ಮೇಲೆ ಏಳುವುದೇ ಇಲ್ಲ," ಎಂದಳು.

ನೀಲಗಂಗವ್ವನ ಮುಖ ಗಂಟಿಕ್ಕಿತು. "ಕಟ್ಟಿ ಹತ್ತಿ ಕುದುರಿ ಏರಾಂವ ಮದುಮಗ ಒಬ್ಬನೇರಿ ಬಾಯಾರ. ಬಾಸಿಂಗ ಕಟ್ಟಿಕೊಂಡು, ನಾಲ್ಕು ಮಂದಿ ಕೈಲೆ ಹಿಡಿಸಿಕೊಂಡು. ನೆಲದಿಂದ ಏರದಾಂವ ಸವಾರನ ಅಲ್ಲ ಅಂತಿದ್ದ ನಮ್ಮಪ್ಪ. ಊರ ಮಂದಿ ನಗತೈತಿ."

"ನಗಲಿ ಬಿಡಿ."

"ಇಷ್ಟ ವರ್ಷ ಸೊಕ್ಕಿನಾಕಿ ಅಂದಾರ. ಅದು ನಡೀತೈತಿ. ಮದುಮಗ ಅನ್ನಿಸಿಕೊಳ್ಳೂದು ನಡಿಯೂದಿಲ್ಲ."

ಪರಿಮಳಾ ಯೋಚಿಸಿದಳು. "ನಿಮ್ಮಪ್ಪ ಮುದಿ ಕುದುರೆಯ ಕಾಲು ಉಳುಕಿದ್ರೆ ಎಂತ ಮಾಡ್ತಿದ್ರು?"

"ಕಟ್ಟತಿದ್ದ. ಔಷಧ ಹಾಕ್ತಿದ್ದ. ತಿಂಗಳಾನಗಟ್ಟಲೆ ನಡಿಸ್ತಿದ್ದ, ಹಗೂರ..." ಮಾತು ಅಲ್ಲಿಗೇ ನಿಂತಿತು.

"ಕುದುರೆಗೆ ಅಷ್ಟು ಮಾಡಿದವರು ಮಗಳಿಗೆ ಜಿಗಿ ಅಂತಿದ್ರಾ?"

ನೀಲಗಂಗವ್ವ ಜೀನು ತರಲು ಮನೆಗೆ ನಡೆದಳು.

ಮೊದಲ ಸವಾರಿ ಗುಬ್ಬಿಯದಲ್ಲ, ಭತ್ತದ ಚೀಲಗಳದು. ಕಟ್ಟೆಗೆ ಒತ್ತಿ ಚೀಲದ ಮೇಲೆ ಚೀಲ ಪೇರಿಸಿ, ಮೇಲೆ ಜೀನು ಹಾಕಿ, ಏರುವುದು ಇಳಿಯುವುದು ಅಭ್ಯಾಸ ಮಾಡಿಸಿದಳು ಪರಿಮಳಾ. ನಾಗಪ್ಪ ಚೀಲದ ಮುಂದೆ ನಿಂತು ಕುದುರೆಯ ಹಾಗೆ ಕೆನೆದ. ಓಣಿಗೆ ಓಣಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಮೇಲೆ ಗುಬ್ಬಿಯನ್ನು ತಂದರು. ಅಷ್ಟರಲ್ಲಿ ಶಂಕ್ರಪ್ಪನ ಮನೆಗೆ ಪರಿಮಳಾಗೆ ಫೋನು ಬಂತು. ಆಕೆ ಬಾಗಿಲಲ್ಲೇ ನಿಂತು ತನ್ನ ಮನೆಮಾತಲ್ಲಿ ತಾಯಿಗೆ ಕೂಗಿ ಹೇಳುತ್ತಿದ್ದಳು: "ಆಯಿ, ಆನು ಈಗ್ಲೇ ಬರ್ತ್ನಿಲ್ಲೆ. ಕುದ್ರೆ ಹತ್ಸದು ಬಾಕಿ ಇದ್ದು!"

ಗುಬ್ಬಿ ಕಟ್ಟೆಗೆ ಎಡಮಗ್ಗುಲಾಗಿ ನಿಂತಿತು. ನಾಗಪ್ಪ ಲಗಾಮು ಹಿಡಿದ, ಶಂಕ್ರಪ್ಪ ಆಚೆ ಬದಿ ನಿಂತ. ಕಚ್ಚೆ ಬಿಗಿದ ನೀಲಗಂಗವ್ವ ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ಬಂದಳು. ಅಷ್ಟು ಹೊತ್ತಿಗೆ ಜನ ಸರಿಸಿಕೊಂಡು ಸಾವಿತ್ರವ್ವ ಬಂದಳು. ಕೈಯಲ್ಲಿ ಆರತಿ ತಟ್ಟೆ!

"ಸರೀರಿ, ಸರೀರಿ. ಮದುಮಗ ಕುದುರಿ ಏರಾಕ ನಿಂತಾನ, ಆರತಿ ಇಲ್ಲದ ಹೆಂಗ?"

ಜನ ಹೋ ಎಂದಿತು. ನೀಲಗಂಗವ್ವ ಸಿಟ್ಟಿನಿಂದ ತಿರುಗಿ ನೋಡಿದಳು. ಆದರೆ ದೀಪ ಹಿಡಿದ ಸಾವಿತ್ರವ್ವನ ಕಣ್ಣು ತುಂಬಿತ್ತು. ಕಟ್ಟೆ ಹತ್ತಿ ಕುಂಕುಮ ಹಚ್ಚುವಾಗ ಆಕೆ ಕಿವಿಯ ಹತ್ತಿರ ಮೆಲ್ಲಗೆ ಅಂದಳು: "ನನಗೂ ಬಲಗಡೆ ಮುಳ್ಳು ಚುಚ್ಚಿದಂಗ ಆಗತೈತಿ ನೀಲವ್ವ, ವರ್ಷ ಆತು. ಯಾರಿಗೂ ಹೇಳಿಲ್ಲ."

ನೀಲಗಂಗವ್ವ ಒಂದು ಗಳಿಗೆ ಆಕೆಯ ಕೈ ಹಿಡಿದಳು. "ನಾಳಿ ಸೋಮವಾರ ನನ ಜೋಡಿ ಶಿರಸಿಗೆ ಬಾ. ಸುಮ್ಮನ ಬಾ," ಎಂದಳು.

ಆಮೇಲೆ ತಿರುಗಿ ಎಡಪಾದವನ್ನು ರಿಕಾಪಿಗಿಟ್ಟಳು. ಮೊಣಕಾಲು ಏಳಲಿಲ್ಲ. ಬಲಗಾಲು ಗುಬ್ಬಿಯ ಸಣ್ಣ ಬೆನ್ನನ್ನು ದಾಟಿ ಆಚೆ ಇಳಿಯಿತು. ಕೂತಳು. ಮುಳ್ಳಿಲ್ಲ. ಗುಬ್ಬಿ ಕಿವಿ ಹಿಂದೆ ತಿರುಗಿಸಿ, ಯಾರೆಂದು ತಿಳಿದು, ಮುಂದೆ ಮಾಡಿತು.

ಅವತ್ತು ಹೋದದ್ದು ಕೆರೆ ಏರಿಯವರೆಗೂ ಅಲ್ಲ. ನಾಗಪ್ಪ ಒಂದು ಕೈಲಿ ಲಗಾಮು, ಇನ್ನೊಂದರಲ್ಲಿ ಜೋಳದ ಡಬ್ಬಿ ಹಿಡಿದು ನಡೆಸಿದ. ಹೆಜ್ಜೆ ಹೆಜ್ಜೆಯಾಗಿ ಓಣಿ ದಾಟಿ ಹಿಟ್ಟಿನ ಗಿರಣಿಯವರೆಗೆ. ಗಿರಣಿಯ ಮುಂದೆ ಚೀಲ ಇಳಿಸುವ ಕಲ್ಲುಕಟ್ಟೆಯೊಂದಿದೆ. ಡಬ್ಬಿ ಇಸಿದುಕೊಳ್ಳಲು ಬೈರ ರೂಢಿಯಂತೆ ಹೊರಗೆ ಓಡಿ ಬಂದ.

"ತಡಿಯೋ," ಎಂದಳು ನೀಲಗಂಗವ್ವ. ಗುಬ್ಬಿಯನ್ನು ಕಟ್ಟೆಗೆ ಒತ್ತಿ ನಿಲ್ಲಿಸಿಕೊಂಡಳು. ಬಲಗಾಲು ಈಚೆ ತಂದಳು. ಗಂಡನ ಹೆಗಲ ಮೇಲೊಂದು ಕೈಯಿಟ್ಟು ಕಟ್ಟೆಯ ಮೇಲೆ ಇಳಿದಳು. ಅದರ ಮೆಟ್ಟಿಲು ಇಳಿದು, ನಡೆದು ಹೋಗಿ, ಗಿರಣಿಯ ಒಳಗೆ ಕೂತಿದ್ದವರ ಸರದಿಯ ಕೊನೆಯಲ್ಲಿ ತನ್ನ ಡಬ್ಬಿಯನ್ನು ಇಟ್ಟಳು.

ಮಳೆ ಹಿಡಿಯುವ ಮುಂಚೆ ನಾಗಪ್ಪ ಶಿರಸಿಗೆ ಹೋಗಿ ಬ್ಯಾಂಡ್‌ಸೆಟ್ಟಿನವನಿಗೆ ಬೇರೆ ಕುದುರೆ ನೋಡಿಕೊಳ್ಳಲು ಹೇಳಿ ಬಂದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ತೊಡೆಸಂದಿಯ ನೋವು ತಿಂಗಳುಗಟ್ಟಲೆ ಬಿಡದಿದ್ದರೆ ಯಾರ ಕೈಲೂ ಜಗ್ಗಿಸಿಕೊಳ್ಳಬೇಡಿ, ಎಲುಬಿನ ಡಾಕ್ಟರಿಗೆ ತೋರಿಸಿ. ಕೀಲು ಬದಲಿಸಿಕೊಂಡಿದ್ದರೆ ಹೇಳಿಕೊಟ್ಟ ವ್ಯಾಯಾಮವನ್ನು ನೋವು ಹೋಯಿತೆಂದು ಬಿಡಬೇಡಿ. ನೀಲಗಂಗವ್ವ ಏರಿದಳೆಂದು ನೀವು ಏರಬೇಡಿ. ಆಕೆಗೆ ಸಿಕ್ಕ ಒಪ್ಪಿಗೆ ಆಕೆಯ ಎಲುಬಿಗೆ, ಆಕೆಯ ರೂಢಿಗೆ, ಆಕೆಯ ಗುಬ್ಬಿಗೆ ಸಿಕ್ಕದ್ದು. ನಿಮ್ಮದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಹೇಳಬೇಕಾದರೆ ನೀವು ಕೇಳಬೇಕು. ನಿಮ್ಮ ಕುದುರೆ ಕುದುರೆಯೇ ಆಗಿರಬೇಕೆಂದಿಲ್ಲ. ಹಸು ಕರೆಯುವುದಿರಬಹುದು, ಗುಡ್ಡ ಹತ್ತುವುದಿರಬಹುದು, ಮೊಮ್ಮಗುವನ್ನು ನೆಲದಿಂದ ಎತ್ತಿಕೊಳ್ಳುವುದಿರಬಹುದು. ಯಾವುದನ್ನು "ಬೇಡ" ಅಂದುಬಿಟ್ಟಾರೆಂದು ಹೆದರಿ ಆಸ್ಪತ್ರೆಯ ಬಾಗಿಲಲ್ಲಿ ನುಂಗಿಕೊಂಡು ಬಂದಿದ್ದೀರೋ, ಮುಂದಿನ ಸಲ ಅದನ್ನೇ ಮೊದಲು ಕೇಳಿ.